ಹಗಲಲ್ಲೇ ಮುಗಿಯುವ ರಾತ್ರಿಯೂಟ

ನಾನು ಗೆದ್ದ ವಾದಗಳೂ ತಪ್ಪಿಸಿಕೊಂಡ ಬಸ್ಸುಗಳೂ ಹೆಚ್ಚುಕಡಿಮೆ ಸಮಸಮ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇದಕ್ಕೆ ನಾನೊಬ್ಬನೇ ಹೊಣೆಯಲ್ಲ. ಹೈಸ್ಕೂಲಿನಲ್ಲಿ ನನ್ನ ಬಾಯಿ ಮುಚ್ಚಿಸಲಾರದ ಮೇಷ್ಟರು, ತಮಗಾದದ್ದು ಬೇರೆಯವರಿಗೂ ಆಗಲಿ ಎಂದು ನನ್ನನ್ನು ಚರ್ಚಾಸ್ಪರ್ಧೆಗೆ ಕಳಿಸಿದರು. ಅಲ್ಲಿ ಒಂದು ಸ್ಟೀಲ್ ಲೋಟ ಬಹುಮಾನ ಬಂತು. ಮರುವರ್ಷ ಇನ್ನೊಂದು. ಕಾಲೇಜು ಮುಗಿಯುವಷ್ಟರಲ್ಲಿ ಗಂಡಸಿ ಎಂಬ ಊರಿನ ನಮ್ಮ ಮನೆಯ ಗೂಡಿನಲ್ಲಿ ಹನ್ನೊಂದು ಲೋಟಗಳು ಸಾಲಾಗಿ ಕೂತಿದ್ದವು. ಮನೆಗೆ ಬಂದವರಿಗೆ ನಮ್ಮಮ್ಮ ಅದರಲ್ಲೇ ಕಾಫಿ ಕೊಟ್ಟು, "ನಿಮ್ಮ ಕೈಲಿರೋದು ದೇವರಿಲ್ಲ ಅಂತ ಮಾತಾಡಿ ಗೆದ್ದಿದ್ದು, ಅವರ ಕೈಲಿರೋದು ದೇವರಿದಾನೆ ಅಂತ ಮಾತಾಡಿ ಗೆದ್ದಿದ್ದು" ಎಂದು ವಿವರಿಸುತ್ತಿದ್ದರು. ಎರಡರಲ್ಲೂ ಕಾಫಿಯ ರುಚಿ ಒಂದೇ ಇರುತ್ತಿತ್ತು ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ.

ಚರ್ಚಾಸ್ಪರ್ಧೆ ಎಲ್ಲವನ್ನೂ ಕಲಿಸುತ್ತದೆ, ನಿಲ್ಲಿಸುವುದನ್ನು ಮಾತ್ರ ಕಲಿಸುವುದಿಲ್ಲ. ನಿಲ್ಲಿಸಲು ಅಲ್ಲಿ ಗಂಟೆ ಇರುತ್ತದೆ. ನಾಲ್ಕನೆಯ ನಿಮಿಷಕ್ಕೆ ಒಮ್ಮೆ, ಐದಕ್ಕೆ ಎರಡು ಸಲ ಹೊಡೆಯುತ್ತಾರೆ, ಇಳಿದುಬರುತ್ತೇವೆ. ಬದುಕಿನಲ್ಲಿ ಗಂಟೆ ಹೊಡೆಯುವವರಿಲ್ಲ. ಹಾಗಾಗಿ ನನ್ನಂಥವರು ಬಸ್‌ಸ್ಟ್ಯಾಂಡಿನಲ್ಲಿ, ಕ್ಷೌರದಂಗಡಿಯಲ್ಲಿ, ನೆಂಟರ ಮದುವೆಯ ಪಂಕ್ತಿಯಲ್ಲಿ ಮಾತಾಡುತ್ತಲೇ ಇರುತ್ತೇವೆ. ಹೀಗೆ ಮಾತಾಡುತ್ತ ಒಬ್ಬ ಹಿರಿಯರ ಊಟಕ್ಕೆ ಕಲ್ಲು ಹಾಕಿದ ಕಥೆ ಇದು. ಅದರ ಜೊತೆಗೆ, ಒಬ್ಬ ಪರದೇಶದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ರಾತ್ರಿಯನ್ನು ಹುಡುಕಿಕೊಂಡು ಹೊರಟ ಕಥೆಯೂ ಹೌದು.

ಪದವಿ ಮುಗಿಸಿದ ವರ್ಷ ನನಗೆ ಅರಸೀಕೆರೆಯಲ್ಲಿ ಒಂದು ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಬೇಲೂರು ಹಳೇಬೀಡುಗಳ ಗುಡಿಯ ಕಲ್ಲುಗಳು ಗಾಳಿ ಮಳೆಗೆ ಎಷ್ಟು ಸವೆದಿವೆ ಎಂದು ಅಳೆದು ಬರೆದುಕೊಳ್ಳುವ ಕೆಲಸ. ನಾನು ಟೇಪು ಹಿಡಿಯುವವನು. ನಕ್ಷೆ ಬರೆಯುವವನು ಹಳೇಬೀಡಿನ ನಾಗಕುಮಾರ. ಕಡಿಮೆ ಮಾತಿನವನು, ಮಾತಾಡಿದರೆ ಚುಚ್ಚುವವನು. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ, ಯಾವಾಗಲೂ 'ಲಾಯರ್ರು'. ಮೂರನೆಯವನು, ಆರು ತಿಂಗಳ ಮಟ್ಟಿಗೆ ಕಲ್ಲಿನ ಪಾಠ ಕಲಿಯಲು ನಾರ್ವೆ ದೇಶದಿಂದ ಬಂದಿದ್ದ ವಿದ್ಯಾರ್ಥಿ.

ಅವನ ಹೆಸರು ಊಲೆ. ಅರಸೀಕೆರೆಯ ಬಾಯಿಗೆ ಬೀಳುವಷ್ಟರಲ್ಲಿ ಅದು ಒಲೆಯಾಗಿತ್ತು. "ಒಲೆ ಬಂದ್ರಾ?" "ಒಲೆಗೆ ಇನ್ನೆರಡು ಇಡ್ಲಿ ಹಾಕ್ರೀ." ನಿಘಂಟಿನಲ್ಲಿ ಅರ್ಥ ನೋಡಿ ಅವನಿಗೆ ಸಂತೋಷವೇ ಆಯಿತು. ಚಳಿದೇಶದಲ್ಲಿ ಒಲೆಗಿಂತ ದೊಡ್ಡ ಗೌರವ ಯಾವುದಿದೆ? ಕನ್ನಡವನ್ನು ಅವನು ಪುಸ್ತಕದಿಂದ ಕಲಿತಿದ್ದ. ಅದೂ ಪೂರ್ತಿ ವಿಭಕ್ತಿಪ್ರತ್ಯಯಗಳ ಸಮೇತ. "ನನಗೆ ಒಂದು ಲೋಟ ನೀರನ್ನು ಕೊಡುವಿರಾ?" ಎಂದು ಅವನು ಕೇಳಿದರೆ ಹೋಟೆಲಿನ ಮಾಣಿ, ನಾಟಕದ ರಾಜನೇ ಎದ್ದು ಬಂದನೇನೋ ಎಂಬಂತೆ ಎರಡು ಕೈಯಲ್ಲಿ ಲೋಟ ಹಿಡಿದು ಕೊಡುತ್ತಿದ್ದ. ನಮಗೆ ಯಾರಿಗೂ ಆ ಮರ್ಯಾದೆ ಸಿಕ್ಕಿದ್ದಿಲ್ಲ.

ಬಂದು ಹತ್ತು ದಿನವಾದ ಮೇಲೆ ಊಲೆ ಒಂದು ಪ್ರಶ್ನೆ ಕೇಳಿದ. ಅವನ ಊರಿನಲ್ಲಿ ಜೊತೆಯಲ್ಲಿ ಕೆಲಸ ಮಾಡುವವರು ವಾರಕ್ಕೊಮ್ಮೆ ರಾತ್ರಿ ಒಟ್ಟಾಗಿ ಹೊರಗೆ ಹೋಗುತ್ತಾರಂತೆ. ಊಟ, ಹರಟೆ, ಊರು ಸುತ್ತುವುದು. "ಅರಸೀಕೆರೆಯಲ್ಲಿ ಜನರು ರಾತ್ರಿ ಎಲ್ಲಿಗೆ ಹೋಗುತ್ತಾರೆ?"

"ಮನೆಗೆ" ಎಂದ ನಾಗಕುಮಾರ.

ಊಲೆಯ ಮುಖ ನೋಡಿ ನಾವಿಬ್ಬರೂ ಅವನನ್ನು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋದೆವು. ಅರಸೀಕೆರೆ ಜಂಕ್ಷನ್ನು, ಅದೇನು ಸಾಮಾನ್ಯವೇ? ರೈಲು ಬರುವುದನ್ನು ನೋಡಿದೆವು. ವಡೆ ತಿಂದೆವು. ಪ್ಲಾಟ್‌ಫಾರಮ್ಮಿನ ಆ ತುದಿಗೆ ಹೋಗಿ ಈ ತುದಿಗೆ ಬಂದೆವು. ರೈಲು ಹೋಗುವುದನ್ನು ನೋಡಿದೆವು. "ಈಗ?" ಎಂದ ಊಲೆ. "ಈಗ ಮುಗೀತು" ಎಂದೆ ನಾನು. ಎಂಟು ಗಂಟೆಯೂ ಆಗಿರಲಿಲ್ಲ. ಊರಿನ ಮಾನ ಹೋಯಿತು ಅನ್ನಿಸಿತೋ ಏನೋ, ನಾಗಕುಮಾರ ವಾಪಸು ಬರುವಾಗ ತಟ್ಟನೆ ಹೇಳಿದ: "ಶನಿವಾರ ಹಳೇಬೀಡಿಗೆ ಬನ್ನಿ. ನಮ್ಮನೇಲಿ ರಾತ್ರಿ ಊಟ."

ಊಲೆ ಜೇಬಿನಿಂದ ಪುಸ್ತಕ ತೆಗೆದ. "ರಾತ್ರಿ ಎಷ್ಟು ಗಂಟೆಗೆ?"

"ನಾಲ್ಕೂಮುಕ್ಕಾಲಿಗೆ."

ಬರೆದುಕೊಂಡವನು ಬರೆದದ್ದನ್ನೇ ನೋಡುತ್ತ ನಿಂತ. ನನಗೆ ಅದರಲ್ಲಿ ಸೋಜಿಗವಿರಲಿಲ್ಲ. ನಾಗಕುಮಾರನ ಮನೆ ಬಸದಿಗಳ ಹತ್ತಿರವೇ, ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಕತ್ತಲಲ್ಲಿ ಹುಳುಹುಪ್ಪಟೆ ಅನ್ನದ ಜೊತೆ ಹೊಟ್ಟೆಗೆ ಹೋದೀತು, ಅದು ಹಿಂಸೆ ಎಂದು. ಆದರೂ ಆ ಊಟದ ಹೆಸರು ರಾತ್ರಿಯೂಟವೇ. ಬೆಳಗಿನದಲ್ಲ, ಮಧ್ಯಾಹ್ನದ್ದಲ್ಲ, ಮೂರನೆಯದಕ್ಕೆ ಇನ್ನೇನು ಹೆಸರಿಡುವುದು? ಹಗಲು ಹೊತ್ತಿನಲ್ಲಿ ಉಣ್ಣುವ ರಾತ್ರಿಯೂಟದ ಬಗ್ಗೆ ನನ್ನಲ್ಲಿ ಆಗಲೇ ಒಂದು ಭಾಷಣ ಮೊಳಕೆಯೊಡೆಯತೊಡಗಿತ್ತು. ಆದರೆ ಊಲೆಯ ತೊಂದರೆ ಬೇರೆಯೇ ಇತ್ತು.

"ಹೊತ್ತು ಎಂದರೆ ಸಮಯ ಎಂದು ನನ್ನ ಪುಸ್ತಕ ಹೇಳುತ್ತದೆ. ಸಮಯವು ಹೇಗೆ ಮುಳುಗುತ್ತದೆ?"

ಅಲ್ಲಿಯವರೆಗೆ ನಾನು ಈ ಮಾತನ್ನು ಯೋಚಿಸಿದವನೇ ಅಲ್ಲ. ಹೊತ್ತು ಎಂದರೆ ಸೂರ್ಯ: ಹೊತ್ತು ಹುಟ್ಟಿತು, ಹೊತ್ತು ನೆತ್ತಿಗೆ ಬಂತು. ಹೊತ್ತು ಎಂದರೆ ಕಾಲ: ಎಷ್ಟು ಹೊತ್ತಾಯಿತು, ಹೊತ್ತೇ ಹೋಗುತ್ತಿಲ್ಲ. ಹೊತ್ತು ಎಂದರೆ ಊಟದ ಸರದಿ: ಎರಡು ಹೊತ್ತು ಉಂಡರೆ ಸಾಕು. ಮೂರಕ್ಕೂ ಒಂದೇ ಮಾತು. ಗಡಿಯಾರವಿಲ್ಲದ ಕಾಲದಲ್ಲಿ ಯಾರೋ ಮೂರನ್ನೂ ಒಟ್ಟಿಗೆ ಕಟ್ಟಿಟ್ಟಿದ್ದಾರೆ. ನಾವು ಗಂಟು ಬಿಚ್ಚದೆ ಹಾಗೇ ಬಳಸುತ್ತಿದ್ದೇವೆ. ಊಲೆ ಎಲ್ಲವನ್ನೂ ಬರೆದುಕೊಂಡು, "ಹಾಗಾದರೆ ನೀವು ಸೂರ್ಯನನ್ನು ದಿನಕ್ಕೆ ಎರಡು ಸಲ ತಿನ್ನುತ್ತೀರಿ" ಎಂದ. ಮೂಟೆ ಹೊತ್ತು ತಂದ ಎನ್ನುವಾಗಿನ ಹೊತ್ತು ಇನ್ನೂ ಬೇರೆ ಎಂದು ನಾನು ಶುರುಮಾಡಿದಾಗ ಮಾತ್ರ ಪೆನ್ನಿನ ಟೋಪಿ ಹಾಕಿಬಿಟ್ಟ.

ಶುಕ್ರವಾರ ಸಂಜೆ ರಜೆ ಹಾಕಿ ಊರಿಗೆ ಹೊರಟ ನಾಗಕುಮಾರ ನನ್ನನ್ನು ಪಕ್ಕಕ್ಕೆ ಕರೆದ.

"ನೋಡ್ಲಾ ಲಾಯರ್ರೇ, ನಾಳೆ ನಮ್ಮಪ್ಪಂದು ಒಪ್ಪತ್ತು. ದಿನಕ್ಕೆ ಒಂದೇ ಊಟ, ನೀರೂ ಅದರ ಜೊತೇಲೇ. ಯಾವಾಗ್ಲೂ ಮಧ್ಯಾಹ್ನ ಮಾಡೋರು. ಪರದೇಶದೋರು ಮನೆಗೆ ಬತ್ತಾವ್ರೆ, ಜೊತೇಲಿ ಕೂತು ಉಣ್ಣಬೇಕು ಅಂತ ಸಂಜೆಗೆ ಇಟ್ಕಂಡವ್ರೆ. ನೀವು ಹೊತ್ತು ಮುಳುಗಿಸಿಕೊಂಡು ಬಂದ್ರೆ ಅವರಿಗೆ ನಾಡಿದ್ದು ಬೆಳಿಗ್ಗೇನೇ ಗತಿ. ಬೇಲೂರಲ್ಲಿ ಕೆಲಸ ಮುಗಿಸಿ ನಾಲ್ಕು ಗಂಟೆ ಬಸ್ಸು ಹಿಡೀರಿ. ಯಾರ ಹತ್ರಾನೂ ಬಾಯಿ ಬಿಡಬೇಡ."

"ನಾನು ಸುಮ್ಮಸುಮ್ಮನೆ ಯಾರ ಹತ್ರ ವಾದ ಮಾಡ್ತೀನಯ್ಯ?" ಎಂದೆ. ಅವನು ಬಸ್ಸು ಹತ್ತಿದ.

ಶನಿವಾರ ಬೇಲೂರಿನಲ್ಲಿ ಅಳತೆಯ ಕೆಲಸ ಮೂರೂವರೆಗೇ ಮುಗಿಯಿತು. ಟೇಪು ಸುತ್ತಿ ಚೀಲಕ್ಕೆ ಹಾಕಿ ಗುಡಿಯ ಅಂಗಳ ದಾಟುತ್ತಿದ್ದೆವು. ಅಲ್ಲಿ ಪಾಯವಿಲ್ಲದೆ ಬರೀ ತನ್ನ ಭಾರದಿಂದ ನಿಂತ ಎತ್ತರದ ಕಂಬ ಇದೆಯಲ್ಲ, ಅದರ ಹತ್ತಿರ ಯಾತ್ರಿಕರ ಒಂದು ಗುಂಪಿಗೆ ಕಥೆ ಹೇಳುವವರೊಬ್ಬರು ಕಂಬದ ಬುಡಕ್ಕೆ ಕಾಗದ ತೂರಿಸಿ ತೋರಿಸುತ್ತ, "ನೋಡಿ ಸ್ವಾಮಿ, ಕಂಬ ನೆಲಕ್ಕೆ ತಾಗೇ ಇಲ್ಲ" ಎಂದುಬಿಟ್ಟರು. ಹೋಗುತ್ತಿದ್ದ ನನ್ನ ಕಾಲುಗಳು ತಾವಾಗಿಯೇ ನಿಂತವು. ನೆಲಕ್ಕೆ ತಾಗದ ಮೇಲೆ ಅದು ನಿಂತಿರುವುದು ಯಾತರ ಮೇಲೆ? ಒಂದು ಕಡೆ ಕಾಗದ ಹೋದರೆ ಇನ್ನೊಂದು ಕಡೆ ಹೋಗಬಾರದು, ಹೋಗಕೂಡದು. ಇಷ್ಟನ್ನು ಮಾತ್ರ ಹೇಳಿ ಹೊರಟುಬಿಡುವುದು ನನ್ನ ಉದ್ದೇಶವಾಗಿತ್ತು, ನಂಬಿ.

ಅವರು "ನೀವೇ ನೋಡಿ" ಎಂದು ಕಾಗದ ಕೊಟ್ಟರು. ಅಷ್ಟೇ. ನಾನು ಕಟ್ಟೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕಂಬದ ಸುತ್ತ ತೆವಳತೊಡಗಿದೆ. ಒಂದು ಮೂಲೆಯಲ್ಲಿ ಕಾಗದ ಸರಾಗವಾಗಿ ಹೋಯಿತು. ಯಾತ್ರಿಕರು ಚಪ್ಪಾಳೆ ತಟ್ಟಿದರು. ಮತ್ತೊಂದು ಕಡೆ ಸ್ವಲ್ಪ ಹೋಗಿ ನಿಂತಿತು. ನಾನು ಎಲ್ಲರನ್ನೂ ಬಗ್ಗಿ ನೋಡುವಂತೆ ಕರೆದೆ. ಮೇಲಿನಿಂದ ಊಲೆ "ಮೂರೂಮುಕ್ಕಾಲು" ಎಂದ. ಸ್ವಲ್ಪ ಹೊತ್ತಿನ ಮೇಲೆ "ನಾಲ್ಕಕ್ಕೆ ಐದು ನಿಮಿಷಗಳಿವೆ" ಎಂದ. ಕೊನೆಗೆ, "ಬಸ್ಸು ಹೋಗುವ ಶಬ್ದವನ್ನು ನಾನು ಕೇಳಿದೆನು" ಎಂದ. ಅದೇ ಕ್ಷಣದಲ್ಲಿ ಕಾಗದ ಒಂದೆಳೆಯಷ್ಟೂ ನುಸುಳದ ಜಾಗ ನನಗೆ ಸಿಕ್ಕಿತು. ಗೆದ್ದೆ. ಎದ್ದು ನಿಂತಾಗ ಅಂಗಿಯ ತುಂಬ ಧೂಳು. ಕಥೆ ಹೇಳುವವರು ಗುಂಪನ್ನು ಕರೆದುಕೊಂಡು ಯಾವಾಗಲೋ ಮದನಿಕೆಯರ ಕಡೆಗೆ ಹೊರಟುಹೋಗಿದ್ದರು.

ಮುಂದಿನ ಬಸ್ಸು ಐದು ಗಂಟೆಗೆ. ಬಿಟ್ಟದ್ದು ಐದೂ ಹತ್ತಕ್ಕೆ. ಡಿಸೆಂಬರ್ ತಿಂಗಳು, ಆರು ಎನ್ನುವಷ್ಟರಲ್ಲಿ ಹಗಲು ಮುಗಿಯುವ ಕಾಲ. ನಾವು ಮೂಡಣಕ್ಕೆ ಹೋಗುತ್ತಿದ್ದೆವು. ಹಿಂದಿನ ಗಾಜಿನಲ್ಲಿ ಸೂರ್ಯ ಕಾಣುತ್ತಿದ್ದ, ನಾನು ತಿರುಗಿ ನೋಡಿದಾಗಲೆಲ್ಲ ಒಂದು ಗೇಣು ಕೆಳಗೆ. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಯಾರೋ ಅವರೆಕಾಯಿಯ ಮೂಟೆಗಳನ್ನು ಮೇಲಕ್ಕೆ ಹಾಕಿಸುತ್ತಿದ್ದರು. ಒಂದು, ಎರಡು, ಏಳು ಮೂಟೆ.

"ಕಂಡಕ್ಟ್ರೇ, ಹೊತ್ತು ಮುಳುಗೋದ್ರೊಳಗೆ ಹಳೇಬೀಡು ಸೇರ್ತೀವಾ?"

"ನಾನು ಬಸ್ಸಿಗೆ ಕಂಡಕ್ಟ್ರು ಸ್ವಾಮಿ, ಹೊತ್ತಿಗಲ್ಲ" ಎಂದರು ಅವರು, ಚೀಟಿ ಹರಿಯುತ್ತ.

ಉತ್ತರ ಕೊಡಬಹುದಿತ್ತು. ಆದರೆ ಮನಸ್ಸಿನಲ್ಲಿ ನಾನು ಆಗಲೇ ನನ್ನ ಪರವಾಗಿ ವಾದ ಕಟ್ಟುತ್ತಿದ್ದೆ. ಹೊತ್ತು ಮುಳುಗುವುದು ಎಂದರೆ ಏನು? ಸೂರ್ಯನ ಕೆಳಗಿನ ಅಂಚು ನೆಲ ಮುಟ್ಟಿದಾಗಲೋ, ಮೇಲಿನ ಅಂಚು ಮರೆಯಾದಾಗಲೋ? ಗುಡ್ಡದ ಮೇಲೆ ಇರುವವನಿಗೆ ತಡವಾಗಿ ಮುಳುಗುತ್ತದೆ, ಹಳ್ಳದಲ್ಲಿ ಇರುವವನಿಗೆ ಬೇಗ. ಹೀಗಿರುವಾಗ ಇಂಥದೇ ಗಳಿಗೆ ಎಂದು ಹೇಳುವುದು ಹೇಗೆ? ಕಾಲೇಜಿನಲ್ಲಿ ಓದಿದ ಇನ್ನೊಂದು ಸಂಗತಿಯೂ ನೆನಪಾಯಿತು: ಗಾಳಿಯಲ್ಲಿ ಬೆಳಕು ಬಾಗುವುದರಿಂದ, ನೆಲದಂಚಿನಲ್ಲಿ ನಮಗೆ ಕಾಣುವ ಸೂರ್ಯ ನಿಜವಾಗಿ ಆಗಲೇ ಮುಳುಗಿರುತ್ತಾನೆ. ಈ ಸಂಗತಿ ನನ್ನ ಪಕ್ಷಕ್ಕೆ ಹಾನಿಕರ ಎಂದು ತಿಳಿದು ಅದನ್ನು ತಕ್ಷಣ ಮರೆತೆ. ಊಲೆ ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದಕ್ಕೂ ಒಂದು ಉತ್ತರ ಇತ್ತು.

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ನಾಗಕುಮಾರ ಸೈಕಲ್ಲು ಹಿಡಿದು ನಿಂತಿದ್ದ. ನಾಲ್ಕೂವರೆಯಿಂದ ನಿಂತಿದ್ದನಂತೆ. ನನ್ನ ಅಂಗಿಯ ಧೂಳು ನೋಡಿದ.

"ಯಾರ ಜೊತೆಗ್ಲಾ?"

"ಕಂಬದ ಜೊತೆಗೆ."

"ಕಂಬ ಏನಂತು?"

ಅವನು ಊಲೆಯನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊರಟ. ಆ ಉದ್ದನೆಯ ಕಾಲುಗಳು ಎರಡೂ ಕಡೆ ನೆಲಕ್ಕೆ ಗೆರೆ ಎಳೆಯುತ್ತಿದ್ದವು. ನಾನು ಹಿಂದೆ ಓಡಿದೆ. ದಾರಿಯಲ್ಲಿ ದನ ಹೊಡೆದುಕೊಂಡು ಬರುತ್ತಿದ್ದವರೊಬ್ಬರು, "ಏನ್ಲಾ ನಾಗಣ್ಣ, ಬಿಳೀ ಎತ್ತು ತಂದಂಗೈತೆ!" ಎಂದರು. ಎಂದಿನಂತಾದರೆ ನಗು ಬರುತ್ತಿತ್ತು.

ಮನೆಯ ಬಾಗಿಲಲ್ಲಿ ನಾಗಕುಮಾರನ ತಾಯಿ ಪದ್ಮಾವತಮ್ಮ ನೀರಿನ ಚೊಂಬು ಹಿಡಿದು ನಿಂತಿದ್ದರು. "ಬನ್ರಪ್ಪ ಬನ್ನಿ, ಕಾಲ್ಗೆ ಹುಯ್ಕಂಡು ಕೂತ್ಕಳಿ. ಮಾತು ಆಮ್ಯಾಕೆ." ಒಳಗೆ ಎಲೆಗಳು ಬಿದ್ದಿದ್ದವು. ಒಂದು ಎಲೆಯ ಮುಂದೆ ತಂದೆ ಧರಣೇಂದ್ರಯ್ಯನವರು ಆಗಲೇ ಕೂತಿದ್ದರು. ಅರವತ್ತು ದಾಟಿದ ಸಣಕಲು ಮೈ, ಬಿಳಿಯ ಪಂಚೆ, ಕೊಬ್ಬರಿ ವ್ಯಾಪಾರದವರ ನಿಧಾನದ ಕಣ್ಣು. ಎದುರಿಗೆ ಹಿತ್ತಲ ಬಾಗಿಲು ತೆರೆದಿತ್ತು, ಅದರಾಚೆ ಒಂದು ಎತ್ತರದ ತೆಂಗಿನಮರ. ನಾಗಕುಮಾರ ನನ್ನ ಕಿವಿಯಲ್ಲಿ ಹೇಳಿದ: "ಅದರ ಸುಳೀಲಿ ಬಿಸಿಲು ಇರೋಗಂಟ ಈ ಮನೇಲಿ ಊಟ. ಅದೇ ನಮ್ಮ ಗಡಿಯಾರ." ಮರದ ಬುಡ, ನಡು, ಎಲ್ಲ ಆಗಲೇ ಕಪ್ಪಾಗಿತ್ತು. ಸುಳಿಯಲ್ಲಿ ಮಾತ್ರ ಅರಿಸಿನದ ನೀರು ಚಿಮುಕಿಸಿದಷ್ಟು ಬೆಳಕು.

ಬಡಿಸಿದರು. ಆಗ ನಡೆದದ್ದನ್ನು ನೆನೆಸಿಕೊಂಡರೆ ಇಂದಿಗೂ ನನಗೆ ಬೆವರು ಬರುತ್ತದೆ. ಅತಿಥಿ ತುತ್ತೆತ್ತುವವರೆಗೆ ಧರಣೇಂದ್ರಯ್ಯನವರು ಎತ್ತುವುದಿಲ್ಲ. ಹಿರಿಯರು ತುತ್ತೆತ್ತುವವರೆಗೆ ಊಲೆ ಎತ್ತುವುದಿಲ್ಲ. ಅವನ ಪುಸ್ತಕದಲ್ಲಿ ಹಾಗೆಂದು ಬರೆದಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮುಗುಳ್ನಗುತ್ತ ಕೂತರು. ಮರದ ಮೇಲಿನ ಬೆಳಕು ಯಾರ ಮರ್ಯಾದೆಯನ್ನೂ ನೋಡುವಂಥದಲ್ಲ. ಕಡೆಗೆ ನಾನೇ, ಪರಿಷೇಚನೆ ಇಲ್ಲ ಪ್ರಾರ್ಥನೆ ಇಲ್ಲ, ಗಬಕ್ಕನೆ ಕೈ ಹಾಕಿ ಒಂದು ದೊಡ್ಡ ತುತ್ತು ಬಾಯಿಗೆ ತುರುಕಿಕೊಂಡೆ. ಅತಿಥಿಗಳಲ್ಲಿ ಒಬ್ಬನಾದರೂ ಶುರುಮಾಡಿದನಲ್ಲ ಎಂದು ಧರಣೇಂದ್ರಯ್ಯನವರ ಕೈ ಎಲೆಗಿಳಿಯಿತು. ನನ್ನ ಒರಟುತನದಿಂದ ಪ್ರಪಂಚಕ್ಕಾದ ಉಪಕಾರ ಅದೊಂದೇ ಇರಬೇಕು.

ಊಟದ ಹೊತ್ತಿನಲ್ಲಿ ಅವರಿಗೆ ಮೌನ. ಈರುಳ್ಳಿ ಬೆಳ್ಳುಳ್ಳಿಯ ಸೋಂಕಿಲ್ಲದ ಹಿತಕಿದವರೆಯ ಹುಳಿ, ಕಾಯಿಹೋಳಿಗೆ, ಕೋಸಂಬರಿ. ಅಂಥ ಊಟವನ್ನು ನಾನು ಅಷ್ಟು ಅವಸರದಲ್ಲಿ, ಅಷ್ಟು ಭಯದಲ್ಲಿ ಉಂಡಿದ್ದಿಲ್ಲ. ಅವರು ಮಾತ್ರ ಅವಸರಪಡಲಿಲ್ಲ. ದಿನವಿಡೀ ಖಾಲಿಯಿದ್ದ ಹೊಟ್ಟೆ. ಆದರೂ ಪ್ರತಿ ತುತ್ತನ್ನೂ ಅದಕ್ಕೆ ಸಲ್ಲಬೇಕಾದಷ್ಟು ಹೊತ್ತು ಅಗಿಯುತ್ತಿದ್ದರು. ನಾನು ಒಂದು ಕಣ್ಣು ಅವರ ಎಲೆಯ ಮೇಲೆ, ಒಂದು ಕಣ್ಣು ಮರದ ಮೇಲೆ ಇಟ್ಟು ಕೂತೆ. ಹೋಳಿಗೆ ಮುಗಿಯಿತು. ಹುಳಿಯನ್ನ ಮುಗಿಯಿತು. ನೀರಿನ ಲೋಟ ಎತ್ತಿ ಅರ್ಧ ಕುಡಿದು ಕೆಳಗಿಟ್ಟರು. ಪದ್ಮಾವತಮ್ಮ ಮೊಸರಿನ ಪಾತ್ರೆ ಹಿಡಿದು ಅಡುಗೆಮನೆಯ ಹೊಸಿಲು ದಾಟಿದರು.

ಸುಳಿ ಕಪ್ಪಾಯಿತು.

ಧರಣೇಂದ್ರಯ್ಯನವರು ಮರವನ್ನು ಒಮ್ಮೆ ನೋಡಿದರು, ಎಲೆಯ ಮೇಲೆ ಕೈ ಅಡ್ಡ ಹಿಡಿದರು, ಎಲೆ ಮಡಿಚಿದರು. ಪದ್ಮಾವತಮ್ಮ ಹಾಗೆಯೇ ಹಿಂದಿರುಗಿ ಪಾತ್ರೆಯನ್ನು ಒಳಗಿಟ್ಟರು. ಆ ಮನೆಯಲ್ಲಿ ಹೊತ್ತು ಮೀರಿ ತಿನ್ನುವಂತೆಯೂ ಇಲ್ಲ, ತಿನ್ನಿಸುವಂತೆಯೂ ಇಲ್ಲ. ಒಂದು ಸೌಟು ಮೊಸರನ್ನ, ಅರ್ಧ ಲೋಟ ನೀರು. ಬೇಲೂರಿನಲ್ಲಿ ನಾನು ಗೆದ್ದದ್ದರ ಎದುರಿಗೆ ಉಳಿದುಹೋದದ್ದು ಇಷ್ಟು. ಊಲೆ ಆ ಅರ್ಧ ಲೋಟವನ್ನೇ ನೋಡುತ್ತಿದ್ದ.

ಕೈ ತೊಳೆದು ಜಗುಲಿಗೆ ಬಂದೆವು. ತಪ್ಪಾಯಿತು ಎಂದು ಹೇಳಲು ನಾನು ಬಾಯಿ ತೆರೆದರೆ, ಧರಣೇಂದ್ರಯ್ಯನವರು ಕೈಬೀಸಿ, "ಹೊಟ್ಟೆ ತುಂಬ್ತು ಕಣಪ್ಪ. ಕೂತ್ಕೋ. ಈ ಮನೇಲಿ ರಾತ್ರಿ ಹೊತ್ತು ಬಾಯಿಗೆ ಬೇರೆ ಕೆಲಸ ಇಲ್ಲ, ಮಾತಾಡಾಣ" ಎಂದರು. ನನಗೆ ಹೋದ ಜೀವ ಬಂತು. ಉಣ್ಣುವುದು ನಿಲ್ಲುವ ಗಳಿಗೆಗೇ ಹರಟೆ ಶುರುವಾಗುವ ಮನೆ! ಊಲೆ ಹುಡುಕುತ್ತಿದ್ದ ರಾತ್ರಿ ಇಲ್ಲಿ ಆಗತಾನೆ ಕದ ತೆರೆದಿತ್ತು.

ಊಲೆಯ ಊರಿನ ಮಾತು ಬಂತು. "ನಮ್ಮ ಊರಿನಲ್ಲಿ ಈಗ ಸೂರ್ಯನು ಹುಟ್ಟುವುದಿಲ್ಲ" ಎಂದ ಅವನು. "ಎರಡು ತಿಂಗಳು ಹುಟ್ಟುವುದಿಲ್ಲ."

ಬಾಗಿಲ ಮರೆಯಲ್ಲಿ ಕೂತಿದ್ದ ಪದ್ಮಾವತಮ್ಮ ಗಾಬರಿಯಿಂದ ಕೇಳಿದರು: "ಅಯ್ಯೋ, ಹಂಗಾರೆ ನಿಮ್ಮವ್ವ ಉಣ್ಣೋದು ಯಾವಾಗಪ್ಪ?"

ಅವರು ತಮಾಷೆ ಮಾಡಲಿಲ್ಲ. ಯಾವುದೋ ಕತ್ತಲ ಊರಿನಲ್ಲಿ ಯಾರದೋ ತಾಯಿ ಎರಡು ತಿಂಗಳಿಂದ ಉಪವಾಸ ಕೂತಿದ್ದಾರೆ ಎಂಬ ಸಂಕಟ ನಿಜವಾಗಿಯೂ ಆ ದನಿಯಲ್ಲಿತ್ತು. ಊಲೆ ಅಷ್ಟೇ ಗಂಭೀರವಾಗಿ, "ಐದು ಗಂಟೆಗೆ ಉಣ್ಣುತ್ತಾರೆ" ಎಂದ. ನನ್ನೊಳಗೆ ಮಾತ್ರ ಹನ್ನೊಂದೂ ಲೋಟಗಳು ಒಟ್ಟಿಗೆ ಝಣ್ ಎಂದವು. ಇಂಥ ಅಸ್ತ್ರ ಯಾವ ಚರ್ಚಾಪಟುವಿಗೆ ಸಿಕ್ಕೀತು?

"ಹೇಳಿಬಿಡು" ಎಂದರು ಧರಣೇಂದ್ರಯ್ಯನವರು. "ಮುಖದಾಗೆ ಕುಣೀತಾ ಐತೆ. ನಮ್ಮ ನಾಗ ಎಲ್ಲ ಹೇಳವ್ನೆ ನಿನ್ನ ಸುದ್ದಿ."

ಶುರುಮಾಡಿದೆ. ಮೊದಲು ಸಣ್ಣ ವಾದ. ಕತ್ತಲಲ್ಲಿ ಹುಳ ಕಾಣುವುದಿಲ್ಲ ಎಂದು ಈ ನೇಮ ಮಾಡಿದರು. ಈಗ ಬಲ್ಬು ಇದೆ, ಎಲ್ಲ ಕಾಣುತ್ತದೆ, ನೇಮದ ಕಾರಣವೇ ಹೋಯಿತಲ್ಲ?

ಅವರು ತಲೆಯೆತ್ತಿ ಜಗುಲಿಯ ಬಲ್ಬನ್ನು ತೋರಿಸಿದರು. ಅದರ ಸುತ್ತ ಹುಳಗಳು ಮುತ್ತಿದ್ದವು. "ಬಲ್ಬು ಹಾಕಿದ್ರೆ ಇವು ಬತ್ತವೋ, ಹೋಗ್ತವೋ?"

ನಾಗಕುಮಾರ ಖೊಳ್ಳನೆ ನಕ್ಕ. ನಾನು ಎರಡನೆಯದಕ್ಕೆ ಹೋದೆ. ಮರದ ಸುಳಿಯೇ ಗಡಿಯಾರವಾದರೆ, ಎತ್ತರದ ಮರ ಇರುವವರಿಗೆ ಹೆಚ್ಚು ಹಗಲು, ಗಿಡ್ಡ ಮರ ಇರುವವರಿಗೆ ಕಡಿಮೆ. ಇದು ಯಾವ ನ್ಯಾಯ?

"ನಿಜ ಕಣಪ್ಪ. ಮರ ಬೆಳೀತಾನೇ ಐತಲ್ಲ, ನಮ್ಮಪ್ಪನ ಕಾಲಕ್ಕಿಂತ ನಾನು ಒಂದು ತುತ್ತು ಜಾಸ್ತೀನೇ ಉಣ್ತೀನಿ."

ಆಗ ನನ್ನ ದೊಡ್ಡ ಅಸ್ತ್ರ ತೆಗೆದೆ. ಊಲೆಯ ಊರಿನಲ್ಲಿ ಈ ನೇಮ ಹಿಡಿದವನು ಚಳಿಗಾಲದಲ್ಲಿ ಸಾಯಬೇಕು, ಬೇಸಿಗೆಯಲ್ಲಿ ನಡುರಾತ್ರಿಯೂ ಉಣ್ಣಬಹುದು. ಎಲ್ಲ ಕಡೆಯೂ ನಡೆಯದ ನೇಮ ನೇಮ ಹೇಗಾಯಿತು? ಧರಣೇಂದ್ರಯ್ಯನವರು ಊಲೆಯ ಕಡೆ ತಿರುಗಿದರು. "ಎರಡು ತಿಂಗಳಾದ ಮ್ಯಾಕೆ ಹೊತ್ತು ಹುಟ್ತದಲ್ಲ, ಆವತ್ತು ಏನು ಮಾಡ್ತೀರಿ?"

ಊಲೆಯ ಮುಖ ಅರಳಿತು. ಆ ದಿನ ಶಾಲೆಗೆ ರಜೆ ಕೊಡುತ್ತಾರಂತೆ. ಮಕ್ಕಳು ದೊಡ್ಡವರೆಲ್ಲ ದಿಬ್ಬ ಹತ್ತಿ ನಿಲ್ಲುತ್ತಾರಂತೆ. ಸೂರ್ಯನ ಒಂದು ಚೂರು ಕಂಡ ಕೂಡಲೇ ಮನೆಯಿಂದ ತಂದ ಸಿಹಿ ಬನ್ನುಗಳನ್ನು ತಿನ್ನುತ್ತಾರಂತೆ. ಕಾಣುವ ಮೊದಲು ತಿನ್ನಲು ಅವನ ತಾಯಿ ಬಿಡುವುದಿಲ್ಲವಂತೆ.

"ನೋಡಿದ್ಯಾ!" ಎಂದು ಧರಣೇಂದ್ರಯ್ಯನವರು ತೊಡೆ ತಟ್ಟಿಕೊಂಡರು. "ಅವ್ರೂ ಹೊತ್ತು ನೋಡ್ಕಂಡೇ ತಿನ್ನೋ ಜನ!"

ನನ್ನ ಅಸ್ತ್ರ ನನ್ನ ಕಡೆಯವನ ಕೈಯಿಂದಲೇ ಮುರಿದುಬಿತ್ತು. ಆದರೆ ಬತ್ತಳಿಕೆಯಲ್ಲಿ ಇನ್ನೊಂದು ಉಳಿದಿತ್ತು. ಊಟಕ್ಕೆ ಕೂತಾಗಲೇ ಹೊಳೆದದ್ದು. ನಮಗೋಸ್ಕರ ನೀವು ಮಧ್ಯಾಹ್ನದ ಒಪ್ಪತ್ತನ್ನು ಸಂಜೆಗೆ ಸರಿಸಿದಿರಿ. ಅತಿಥಿಗಾಗಿ ನಾಲ್ಕು ಗಂಟೆ ಸರಿಸಬಹುದಾದ ನೇಮವನ್ನು, ಅದೇ ಅತಿಥಿಗಾಗಿ ಐದು ನಿಮಿಷ ಏಕೆ ಸರಿಸಬಾರದು? ಇದಕ್ಕೆ ಉತ್ತರ ಇರಲಿಲ್ಲ. ಎಷ್ಟು ಕಡೆಯಿಂದ ನೋಡಿದರೂ ಇರಲಿಲ್ಲ. ನಾನು ಮುಂದಕ್ಕೆ ಬಾಗಿದೆ.

ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು. ನಕ್ಕದ್ದಕ್ಕೋ ಮಾತಾಡಿದ್ದಕ್ಕೋ ಗಂಟಲು ಒಣಗಿತ್ತು. ಊಲೆ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ. ಚಾಚಿದ ಮೇಲೆ ನೆನಪಾಗಿರಬೇಕು. ಕೈ ಅಲ್ಲೇ ನಿಂತಿತು. ಅವರು ನಗುತ್ತ ತಲೆಯಾಡಿಸಿ, ಬಾಟಲಿಯನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದರು. ಆಮೇಲೆ ಒಣ ಗಂಟಲಿನಲ್ಲೇ, "ಹ್ಞೂಂ, ಮುಂದಕ್ಕೆ" ಎಂದರು ನನಗೆ.

ನಾನು ಒಂದು ಮಾತಾಡಿದರೆ ಅವರು ಒಂದು ಮಾತಾಡಬೇಕು. ಪ್ರತಿ ಮಾತಿಗೂ ಒಂದಿಷ್ಟು ಗಂಟಲು. ಬೆಳಗಾಗುವುದಕ್ಕೆ ಇನ್ನು ಹನ್ನೊಂದು ಗಂಟೆ. ಅಲ್ಲದೆ, ನನ್ನ ಆ ವಾದಕ್ಕೆ ಇದ್ದ ಸಾಕ್ಷಿಯೆಂದರೆ ಒಂದೇ: ಅವರು ನಮಗಾಗಿ ದಿನವಿಡೀ ಹಸಿದುಕೊಂಡು ಕೂತದ್ದು. ಅದನ್ನೇ ಎತ್ತಿ ಅವರ ಮುಖಕ್ಕೆ ಹಿಡಿಯುವುದು ಹೇಗೆ?

"ಮುಗೀತು ಸಾರ್" ಎಂದೆ. "ನೀವೇ ಗೆದ್ರಿ."

"ಸುಳ್ಳು. ಇನ್ನೊಂದು ಐತೆ ನಿನ್ತಾವ."

"ಇಲ್ಲ ಸಾರ್."

"ನಾಗ, ನಿಮ್ಮ ಲಾಯರ್ರಿಗೆ ಸುಳ್ಳು ಹೇಳಕ್ಕೆ ಬರಾಕಿಲ್ಲ ಕಣೋ" ಎಂದರು. "ಇಲ್ಲೇ ಮಲಗ್ರಿ. ಹೊತ್ತು ಹುಟ್ಲಿ, ನೀರು ಕುಡ್ದು ಕೇಳ್ತೀನಿ."

ಚಾಪೆ ಹಾಸಿದರು. ಊಲೆ ತನ್ನ ಪುಸ್ತಕದಲ್ಲಿ ಬಹಳ ಹೊತ್ತು ಏನೋ ಬರೆದು, "ಇದು ಒಳ್ಳೆಯ ರಾತ್ರಿ" ಎಂದು ಹೇಳಿ ಮಲಗಿದವನು ಒಂದೇ ಗಳಿಗೆಗೆ ಗೊರಕೆ ಹೊಡೆಯತೊಡಗಿದ. ನನಗೆ ನಿದ್ದೆ ಹತ್ತಲಿಲ್ಲ. ಒಳಗಿನಿಂದ ಒಂದೆರಡು ಸಲ ಕೆಮ್ಮು ಕೇಳಿಸಿತು.

ಎಂಟಕ್ಕೆ ಮೊದಲು ಏಳದ ನಾನು ಅಂದು ಮಬ್ಬಿನಲ್ಲೇ ಎದ್ದು ಅಂಗಳದಲ್ಲಿ ಮೂಡಣಕ್ಕೆ ಮುಖ ಮಾಡಿ ನಿಂತೆ. ಸೂರ್ಯನಿಗೆ ಕೈ ಮುಗಿಯುವವರನ್ನು ಕಂಡು ನಾನು ಆಡಿಕೊಂಡದ್ದುಂಟು. ಅಂದು ನಾನೂ ಅವನನ್ನು ಬೇಡಿಕೊಂಡೆ, ಬೇಗ ಬಾರಯ್ಯ ಎಂದು. ಮಂಜಿನ ಹಿಂದೆ ಅವನು ಎಂದಿನಷ್ಟೇ ನಿಧಾನವಾಗಿ ಬಂದ. ಅಂಗಳಕ್ಕೆ ಚೆನ್ನಾಗಿ ಬಿಸಿಲು ಬಿದ್ದ ಮೇಲೆ ಪದ್ಮಾವತಮ್ಮ ಬಟ್ಟೆಯಲ್ಲಿ ಸೋಸಿದ ನೀರನ್ನು ಚೊಂಬಿನಲ್ಲಿ ತಂದುಕೊಟ್ಟರು. ಧರಣೇಂದ್ರಯ್ಯನವರು ಜಗುಲಿಯ ಮೇಲೆ ಕೂತು, ಎತ್ತಿ ಹಿಡಿದು, ನಿಲ್ಲಿಸದೆ ಕುಡಿದರು. ನಾನು ಅವರ ಗಂಟಲ ಗಂಟು ಮೇಲೆ ಕೆಳಗೆ ಹೋಗುವುದನ್ನು ಕೊನೆಯ ಗುಟುಕಿನವರೆಗೂ ನೋಡಿದೆ. ಬಾಯಿ ಒರೆಸಿಕೊಂಡು ಚೊಂಬನ್ನು ಪಕ್ಕಕ್ಕಿಟ್ಟು, "ಈಗ ಹೇಳು" ಎಂದರು.

ಹೇಳಿದೆ. ನಾಲ್ಕು ಗಂಟೆ ಸರಿಸಿದವರು ಐದು ನಿಮಿಷ ಏಕೆ ಸರಿಸಲಿಲ್ಲ ಎಂದು. ರಾತ್ರಿ ಎಷ್ಟು ಹರಿತವಾಗಿದ್ದ ವಾದ, ಬಿಸಿಲಿನಲ್ಲಿ ಸುಮ್ಮನೆ ಒಂದು ಪ್ರಶ್ನೆಯಾಗಿತ್ತು.

"ಓ, ಅದಾ!" ಎಂದರು. "ನೀನು ಬಾಯಿ ಮುಚ್ಕಂಡಾಗ್ಲೇ ಅದೇ ಇರಬೇಕು ಅಂತ ಹೊಳೀತು. ರಾತ್ರಿಯೆಲ್ಲ ಅದನ್ನೇ ಯೋಚಿಸ್ದೆ."

"ಉತ್ತರ?"

"ಉತ್ತರ ಇಲ್ಲ ಕಣಪ್ಪ. ನೀವು ಬತ್ತೀರಿ ಅಂತ ಖುಷಿ ಇತ್ತು, ಸರಿಸ್ದೆ. ಆಮ್ಯಾಕೆ ಹೊತ್ತು ಮುಳುಗ್ತು, ನಿಲ್ಲಿಸ್ದೆ." ಅವರು ಮೊಣಕಾಲ ಮೇಲೆ ಕೈಯೂರಿ ಎದ್ದರು. "ಏಳು, ಆ ಹುಡುಗನ್ನೂ ಎಬ್ಬಿಸು. ರೊಟ್ಟಿ ಆರೋಗ್ತೈತೆ."